ಸಾವ್ಕಾರರ ದನಿಯಲ್ಲಿ ಒಂದು ಸಂಜೆ

ಇಲ್ಲಿಗೆ ಬಂದ ಮೊದಲ ಬೆಳಿಗ್ಗೆಯೇ ಒಬ್ಬ ಹಿರಿಯ ಹೆಂಗಸು ನನ್ನನ್ನು ಹೊಲದ ಬಾಗಿಲಲ್ಲಿ ತಡೆದು, ಎರಡೂ ಕೈಗಳನ್ನು ಹಾಲಿನ ಬಕೆಟ್ಟಿನಲ್ಲಿ ಅದ್ದಲು ಹೇಳಿದರು. ನಾನು ಮದ್ದೂರಿನ ಕಡೆಯವನು. ನಮ್ಮಲ್ಲಿ ಹಾಲನ್ನು ಡೇರಿಗೆ ಹಾಕುತ್ತಾರೆ, ಉಳಿದರೆ ಕುಡಿಯುತ್ತಾರೆ, ಅದರಲ್ಲಿ ಕೈಯಂತೂ ತೊಳೆಯುವುದಿಲ್ಲ. ತಮಾಷೆ ಇರಬೇಕೆಂದು ನಕ್ಕೆ. ಅವರು ನಗಲಿಲ್ಲ. "ತಂಬಾಕ ಮುಟ್ಟೀರೇನ್ರಿ? ಬ್ಯಾರೆ ಹೊಲದಾಗಿಂದ ಬಂದೀರೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಕೆಟ್ಟನ್ನು ಮುಂದೆ ನೂಕಿದರು. ಬೆರಳಿಗೆ ಅಂಟಿ ಬರುವ ರೋಗ ಟೊಮೆಟೊ ಗಿಡಕ್ಕೆ ಹತ್ತದಿರಲಿ ಎಂದು ಕಲಸಿಟ್ಟ ಪುಡಿಹಾಲು ಅದು. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಓದಿ ಪಾಸಾಗಿದ್ದೆ. ಪುಸ್ತಕದಲ್ಲಿ ಬಕೆಟ್ಟು ಇರಲಿಲ್ಲ, ಅಷ್ಟೆ.

ಆ ಹೆಂಗಸು ಗಂಗವ್ವ, ಹನ್ನೆರಡು ಹೆಂಗಸರ ಗುಂಪಿನ ಮುಖ್ಯಸ್ಥೆ. ನಾನು ಬೀಜದ ಕಂಪನಿಯ ಪರವಾಗಿ ಹೊಲ ತಪಾಸಣೆ ಮಾಡುವವನು. ರಾಣೆಬೆನ್ನೂರಿನ ಸುತ್ತ ಬೀಜಕ್ಕೆಂದೇ ತರಕಾರಿ ಬೆಳೆಯುತ್ತಾರೆ. ಐರಣಿಯ ದಾರಿಯಲ್ಲಿರುವ ಒಂದು ನೆಟ್ ಹೌಸ್, ಅಂದರೆ ಸುತ್ತಲೂ ಮೇಲೂ ಬಿಳಿ ಬಲೆ ಹೊದಿಸಿದ ಹೊಲ, ನನ್ನ ಪಾಲಿಗೆ ಬಂದಿದೆ. ಒಳಗಿನ ಕೆಲಸಕ್ಕೆ ಎಲ್ಲರೂ ಅನ್ನುವುದು 'ಕ್ರಾಸಿಂಗ್'. ಸಂಜೆ ಹೆಂಗಸರು ನಾಳೆ ಅರಳಲಿರುವ ಮೊಗ್ಗುಗಳನ್ನು ಬಿಡಿಸಿ, ಚಿಮಟದಿಂದ ಕೇಸರ ಕಿತ್ತು ಹಾಕುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಾರೆ. ಸಂಜೆ ಬಿಟ್ಟುಹೋದ ಮೊಗ್ಗು ಬೆಳಿಗ್ಗೆ ಅರಳಿ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ. ಅಂಥ ಬೀಜ ಬೆರೆತದ್ದು ಗೊತ್ತಾದರೆ ಇಡೀ ಹೊಲದ ಬೀಜ ವಾಪಸು ಬರುತ್ತದೆ.

ಇನ್ನು ನನ್ನ ರೋಗದ ವಿಷಯ. ನಾನು ಯಾರ ದನಿಯನ್ನಾದರೂ ಎರಡು ದಿನದಲ್ಲಿ ಕಲಿತು ಅಣಕಿಸುತ್ತೇನೆ. ಮದ್ದೂರಿನಲ್ಲಿ ಇದನ್ನು ಪ್ರತಿಭೆ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅದು ಹೆದರಿಕೆ. ಚಿಕ್ಕಂದಿನಿಂದ ನಾನು ನನ್ನೊಳಗೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇವರು ನನ್ನ ಬಗ್ಗೆ ಏನೆಂದುಕೊಂಡರು? ಅದನ್ನೇ ಕೇಳಿ ಕೇಳಿ, ಅವರು ನನ್ನನ್ನು ನೋಡಿ ನಗುವ ಮೊದಲೇ ನಾನೇ ನಗಿಸಿಬಿಡುವುದು ಅಭ್ಯಾಸವಾಯಿತು. ಪರವೂರಿಗೆ ಬಂದ ಮೇಲೆ ಈ ಪ್ರಶ್ನೆ ಗಂಟೆಗೊಮ್ಮೆ ಏಳುತ್ತಿತ್ತು. ಬಾಡಿಗೆ ಮನೆಯವರು ಕಳಿಸಿದ ಜೋಳದ ರೊಟ್ಟಿಯನ್ನು ಮುದ್ದೆಯ ಹಾಗೆ ನುಂಗಲು ಹೋಗಿ ಕೆಮ್ಮಿದಾಗ, ಏನೆಂದುಕೊಂಡರು? ಹಾವೇರಿಯಲ್ಲಿರುವ ನಮ್ಮ ಕಂಪನಿಯ ಕಚೇರಿಗೆ ಹೋಗುವ ಬಸ್ಸು ಬ್ಯಾಡಗಿಯ ಮೆಣಸಿನಕಾಯಿ ಹೇರಿದ ಲಾರಿಯ ಹಿಂದೆ ನಿಂತಾಗ ಎಲ್ಲರೂ ಆರಾಮಾಗಿ ಹರಟುತ್ತಿದ್ದರೆ ನಾನೊಬ್ಬನೇ ಸೀನುತ್ತೇನೆ. ಸೀನಿನಲ್ಲೂ ಹೊರಗಿನವನು.

ಹೊಲದ ಮಾಲೀಕರು ಚನ್ನಬಸಪ್ಪನವರು. ಹೆಂಗಸರು ಅವರನ್ನು ಕರೆಯುವುದು ಸಾವ್ಕಾರ್ರು ಎಂದು. ಒಂದು ಸಣ್ಣ ಕೆಮ್ಮು ಇಲ್ಲದೆ ಅವರ ಬಾಯಿಂದ ಮಾತು ಹೊರಡದು. ಎರಡನೇ ತಿಂಗಳಿಗೆ ಆ ಕೆಮ್ಮು ನನ್ನದಾಗಿತ್ತು. ಒಂದು ಸಂಜೆ ಬಾಗಿಲ ಹತ್ತಿರ ಕೆಲಸ ಮಾಡುತ್ತಿದ್ದ ಇಬ್ಬರು ಹುಡುಗಿಯರನ್ನು ನಗಿಸಲು, ಕೆಮ್ಮಿ, ಅವರದೇ ದನಿಯಲ್ಲಿ ಜೋರಾಗಿ, "ಏ, ಸಾಕಿನ್ನ, ನಡೀರಿ ಮನಿಗೆ" ಎಂದೆ. ಹುಡುಗಿಯರು ನಕ್ಕರು. ಅಷ್ಟರಲ್ಲಿ ಹಾವೇರಿಯಿಂದ ಫೋನ್ ಬಂತು, ಮಾತಾಡುತ್ತ ಬೈಕ್ ಹತ್ತಿ ಹೊರಟುಹೋದೆ. ಗಿಡಗಳು ಆಳೆತ್ತರ. ಆ ತುದಿಯ ಸಾಲುಗಳಲ್ಲಿದ್ದವರಿಗೆ ನಾನು ಕಾಣಿಸಿರಲಿಲ್ಲ, ದನಿ ಮಾತ್ರ ಕೇಳಿಸಿತ್ತು.

ಮರುದಿನ ಬಂದು ನೋಡಿದರೆ, ಕೇಸರ ಕೀಳದೆ ಬಿಟ್ಟುಹೋದ ಎಂಟು ಸಾಲುಗಳಲ್ಲಿ ಹಳದಿ ಹೂವು ಅರಳಿ ನಿಂತಿತ್ತು. ಸಾವ್ಕಾರರು ಗಂಗವ್ವನನ್ನು ಎದುರಿಗೆ ನಿಲ್ಲಿಸಿಕೊಂಡಿದ್ದರು. ಮನೆಗೆ ಹೋಗಲು ನೀವೇ ಹೇಳಿದಿರಿ ಎಂದು ಗಂಗವ್ವ. ನಾನು ಆ ಹೊತ್ತಿಗೆ ಊರಲ್ಲೇ ಇರಲಿಲ್ಲ ಎಂದು ಅವರು. ಬಾಗಿಲ ಬಳಿಯ ಹುಡುಗಿಯರು ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದರು. ಕೊನೆಗೆ ಸಾವ್ಕಾರರು, ಸುಳ್ಳು ಹೇಳುವ ಆಳು ನನಗೆ ಬೇಡ, ನಾಳೆಯಿಂದ ಬೇರೆ ಗುಂಪು ಬರುತ್ತದೆ ಎಂದುಬಿಟ್ಟರು. ಐದು ವರ್ಷದಿಂದ ಗಂಗವ್ವನ ಗುಂಪು ಈ ಹೊಲ ಬಿಟ್ಟು ಬೇರೆಡೆ ಹೋದದ್ದಿಲ್ಲ. ಸುಳ್ಳು ಹೇಳಿದವರೆಂಬ ಹೆಸರು ಹೊತ್ತರೆ ಸುತ್ತಲಿನ ಯಾವ ನೆಟ್‌ನಲ್ಲೂ ಅವರನ್ನು ಸೇರಿಸುವುದಿಲ್ಲ.

ನಾನು ಪುಸ್ತಕ ಹಿಡಿದು ಹೂವು ಲೆಕ್ಕ ಹಾಕುವವನಂತೆ ನಟಿಸಿದೆ. ಒಳಗೆ ಒಂದೇ ಪ್ರಶ್ನೆ ಕುಟ್ಟುತ್ತಿತ್ತು: ಯಾರಿಗಾದರೂ ಗೊತ್ತಾಯಿತೇ? ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಅತ್ತ ಗಂಗವ್ವ, ನಾಳೆಯಿಂದ ತಮ್ಮದಲ್ಲದ ಹೊಲದಲ್ಲಿ, ಅರಳಿದ ಹೂವುಗಳನ್ನು ಒಂದೊಂದಾಗಿ ಕಿತ್ತು ಉಡಿಗೆ ಹಾಕಿಕೊಳ್ಳುತ್ತ, ಯಾವ ಸಾಲು ಉಳೀತು, ಯಾವ ಸಾಲು ಉಳೀತು ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಆ ಪ್ರಶ್ನೆ ಅವರನ್ನು ಸಾಲಿನಿಂದ ಸಾಲಿಗೆ ನಡೆಸುತ್ತಿತ್ತು. ನನ್ನದು ನನ್ನನ್ನು ನಿಂತಲ್ಲೇ ಬೆವರಿಸುತ್ತಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಗಂಗವ್ವ ನನಗೂ ಒಂದು ರೊಟ್ಟಿ ಕೊಟ್ಟರು. ಅದನ್ನು ಕೈಯಲ್ಲೇ ಹಿಡಿದು ಕೂತೆ.

"ಯಾಕ ತಮ್ಮಾ, ಉಣವಲ್ಲಿ?"

"ಹಸಿವಿಲ್ರೀ."

"ನಿಮ್ಮೂರಾಗ ಹಿಂಗ ಹೊಟ್ಟಿಗೆ ಸೇರದಂಗಾದ್ರ, ಮೊದಲ ಯಾರು ಕೇಳ್ತಿದ್ರು?"

ಅವ್ವ ಎಂದೆ. ಮದ್ದೂರಿನಲ್ಲಾಗಿದ್ದರೆ ನಾನು ಹೊಸಿಲು ದಾಟುವ ಮೊದಲೇ ಅವ್ವ, ಏನ್ ಮಾಡ್ಕೊಂಡ್ ಬಂದೆ ಬೊಗಳ್ಲಾ ಅನ್ನುತ್ತಿದ್ದಳು, ನಾನು ಬೊಗಳುತ್ತಿದ್ದೆ. ಇಲ್ಲಿ ಬೆಳಿಗ್ಗೆಯಿಂದ ಹನ್ನೆರಡು ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳಿದ್ದಾರೆ. ಕಂಪನಿಯ ಸಾಹೇಬನಾದ ನನ್ನನ್ನು ಯಾರೂ ಕೇಳಿಲ್ಲ. ಯಾರೂ ಕೇಳದ್ದನ್ನು ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಗಂಗವ್ವನಿಗೆ ಆಗಲೇ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ತಿಳಿಯದು. ಅವರು ಮಜ್ಜಿಗೆಯ ತಂಬಿಗೆ ನನ್ನತ್ತ ಸರಿಸಿ ಎದ್ದುಹೋದರು.

ಸಾವ್ಕಾರರು ಮೋಟರಿನ ಹತ್ತಿರ ಕೂತಿದ್ದರು. ಹೋಗಿ, ಆ ದನಿ ನಂದು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಆಗಲೂ ನಂಬದೆ, ಗಂಗವ್ವನ ಗುಂಪನ್ನು ಉಳಿಸಲು ನಾನು ಕಥೆ ಕಟ್ಟುತ್ತಿದ್ದೇನೆ ಎಂದುಕೊಂಡರು.

"ಹಂಗಾರ ಮಾಡಿ ತೋರಸ್ರಿ."

ಕಾಲೇಜಿನ ವೇದಿಕೆಯಲ್ಲಿ ಪ್ರಿನ್ಸಿಪಾಲರನ್ನೇ ಅವರೆದುರು ಅಣಕಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಈಗ ಮೋಟರಿನತ್ತ ಮುಖ ತಿರುಗಿಸಿ ನಿಂತೆ. ಕೆಮ್ಮಿದೆ. ಏ, ಸಾಕಿನ್ನ, ನಡೀರಿ ಮನಿಗೆ. ಬಲೆಯೊಳಗೆ ಸಾಲು ಸಾಲಾಗಿ ತಲೆಗಳು ಎದ್ದವು. ಯಾರೂ ನಗಲಿಲ್ಲ.

ಸಾವ್ಕಾರರು ಎದ್ದು ಬಲೆಯ ಬಾಗಿಲಿಗೆ ಬಂದರು. ಆಮೇಲೆ ಗಂಗವ್ವನನ್ನು ಕರೆದು, "ನಾ ಹಿಂಗ ಕೆಮ್ಮತೇನೇನು?" ಎಂದರು.

"ಹೌದ್ರಿ."

"ಮತ್ತ ಇಷ್ಟ್ ದಿನಾ ಯಾಕ ಹೇಳಿಲ್ಲ?"

ಗಂಗವ್ವ ಸೆರಗು ಬಾಯಿಗೆ ಹಿಡಿದರು. ಬೇರೆ ಗುಂಪು ಬರಲಿಲ್ಲ. ಹಾವೇರಿಯ ಕಚೇರಿಗೆ ನಾನೇ ಬರೆದು ತಿಳಿಸಬೇಕೆಂದೂ, ಎಂಟು ಸಾಲುಗಳಲ್ಲಿ ಒಂದು ಹೂವೂ ಉಳಿಯದಂತೆ ನಾನೇ ಕೀಳಬೇಕೆಂದೂ ತೀರ್ಮಾನವಾಯಿತು. ಮೂರು ದಿನ ಕಿತ್ತೆ. ಕಚೇರಿಯಿಂದ ಇನ್ನೂ ಉತ್ತರವಿಲ್ಲ. ಫೋನ್ ಬಂದರೆ ಎತ್ತುವ ಮೊದಲು ಹಾವೇರಿಯ ನಂಬರೇ ಎಂದು ನೋಡುತ್ತೇನೆ.

ಹೆಂಗಸರು ನನ್ನ ಮೇಲೆ ಸಿಟ್ಟಾಗಿಲ್ಲ. ಆದರೆ ಸಾವ್ಕಾರರು ಖರೇನೇ ಸಾಕೆಂದು ಕೂಗಿದರೂ ಈಗ ಒಬ್ಬರು ಸಾಲಿನ ತುದಿಗೆ ಬಂದು ಮುಖ ನೋಡಿ ಹೋಗುತ್ತಾರೆ. ನಾನು ಅವರ ಮಾತಿನಲ್ಲಿ ಏನಾದರೂ ಹೇಳಿದರೆ, "ನಿಮ್ಮ ಮಾತಿನಾಗ ಹೇಳ್ರಿ ಸಾಹೇಬ್ರ, ನಂಬಾಕ ಬರತೈತಿ" ಅನ್ನುತ್ತಾರೆ. ನ್ಯಾಯವಾಗಿಯೇ ಇದೆ.

ನಿನ್ನೆ ಸಂಜೆ ಊರಿಗೆ ಫೋನ್ ಮಾಡಿದೆ. ಉಂಡ್ಯೇನ್ಲಾ ಎಂದಳು ಅವ್ವ. "ಊಟ ಆತವ್ವ, ಆರಾಮ ಅದೀನಿ" ಎಂದೆ.

"ಇದ್ಯಾರ ಥರ ಮಾತಾಡ್ತಾ ಇದ್ದೀಯ್ಲಾ ಇವತ್ತು?"

ನಾನು ಯಾರನ್ನೂ ಅಣಕಿಸುತ್ತಿರಲಿಲ್ಲ. ಹಾಗೆಂದು ಹೇಳಲು ಯಾಕೋ ಹೆದರಿಕೆಯಾಯಿತು. ಇಲ್ಲೊಬ್ಬರು ಅವ್ರೆ ಕಣವ್ವ, ಅವರ ಥರ ಎಂದು ಸುಳ್ಳು ಹೇಳಿದೆ. ಅವ್ವ ಮನಸಾರೆ ನಕ್ಕು, "ಸಾಕು ಬುಡು, ಈಗ ನಿನ್ ಥರ ಮಾತಾಡು" ಎಂದಳು. ಯಾವ ಊರಿನ ಮಾತಿನಲ್ಲಿ ಶುರು ಮಾಡಲಿ ಎಂದು ಯೋಚಿಸುತ್ತ ಫೋನ್ ಹಿಡಿದು ನಿಂತೆ.