ಬೆಡ್‌ಶೀಟ್ ಹಿಡಿದರೆ ಅತ್ತೆಗೆ ಮಾತು

ನಮ್ಮ ಅತ್ತೆಗೆ ಒಂದು ಅಭ್ಯಾಸ. ಬೆಡ್‌ಶೀಟಿನ ಎರಡು ಮೂಲೆ ನನ್ನ ಕೈಗೆ ಕೊಟ್ಟು, ಉಳಿದೆರಡು ತಾವು ಹಿಡಿದು ಹಿಂದೆ ಸರಿಯುತ್ತಾರೆ. ಒಮ್ಮೆ ಜಾಡಿಸುತ್ತಾರೆ. ಮೂಲೆಗೆ ಮೂಲೆ ಸೇರಿಸಲು ಇಬ್ಬರೂ ಹತ್ತಿರ ಬಂದಾಗ ನನ್ನ ಕಿವಿಗೆ ಬಗ್ಗಿ ಒಂದೇ ಒಂದು ಮಾತು ಹೇಳುತ್ತಾರೆ. ಮತ್ತೆ ದೂರ. ವಿಷಯ ಮುಗಿಯದಿದ್ದರೆ ಮುಂದಿನ ಬೆಡ್‌ಶೀಟಿಗೆ ಬಾಕಿ. ಮದುವೆಯಾದ ಹೊಸದರಲ್ಲಿ "ನಿನ್ನ ಗಂಡ ಚಿಕ್ಕವನಿದ್ದಾಗ ಒಂದ್ಸಲ" ಎಂದು ಶುರುವಾದ ಕಥೆ ಬಟ್ಟೆ ಸಾಲದೆ ನಿಂತುಹೋಯಿತು. ನಾನು ತಡೆಯಲಾರದೆ ಬೀರುವಿನಿಂದ ಮಡಿಸಿಟ್ಟ ಚಾದರವನ್ನೇ ತೆಗೆದು ಕೊಡವಿ ಅವರ ಮುಂದೆ ಹಿಡಿದೆ.

ಅತ್ತೆ ದುಡಿದದ್ದು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ಅಲ್ಲಿ ಯಂತ್ರಗಳ ಸದ್ದಿಗೆ ಪಕ್ಕದವರು ಕೂಗಿದರೂ ಕೇಳುತ್ತಿರಲಿಲ್ಲವಂತೆ. ಜೊತೆಯಲ್ಲಿ ಬಟ್ಟೆ ಮಡಿಸುತ್ತಿದ್ದವರು ಉದ್ದಕ್ಕ. ಎತ್ತರದ ಆಳು, ಅದಕ್ಕೇ ಆ ಹೆಸರು. ಇಬ್ಬರೂ ಎದುರುಬದುರು ಬಂದ ಆ ಒಂದು ಗಳಿಗೆಯಲ್ಲೇ ಮಾತೆಲ್ಲ ಆಗಬೇಕು. ಅತ್ತೆ ತುದಿಗಾಲಲ್ಲಿ ನಿಂತು, ಉದ್ದಕ್ಕ ಬಗ್ಗಿ, ಹಾಗೇ ಒಬ್ಬರ ಸಂಸಾರ ಇನ್ನೊಬ್ಬರಿಗೆ ಬಾಯಿಪಾಠವಾಯಿತು. ಒಂದು ಹೆರಿಗೆಯ ಕಥೆ ಹೇಳಿ ಮುಗಿಸಲು ಒಂದು ವಾರ್ಡಿನ ಬಟ್ಟೆ ಬೇಕಾಗುತ್ತಿತ್ತು ಎನ್ನುತ್ತಾರೆ ಅತ್ತೆ.

ಲಾಂಡ್ರಿ ಮುಚ್ಚಿತು. ಉದ್ದಕ್ಕ ತೀರಿಕೊಂಡರು. ಅಲ್ಲಿಂದ ಮುಂದೆ ಅತ್ತೆ ತರಕಾರಿ ತರಲು ಹೋದರೂ ಲಾಂಡ್ರಿಯ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡೇ ಹೋಗುತ್ತಿದ್ದರು.

ಹೀಗಿರುವಾಗ ಒಂದು ನಾಟಕದ ತಂಡ ಆ ಕಟ್ಟಡವನ್ನು ಬಾಡಿಗೆಗೆ ಹಿಡಿಯಿತು. ವೇದಿಕೆ ಇಲ್ಲ, ಕುರ್ಚಿ ಇಲ್ಲ. ನೋಡಲು ಬಂದವರು ನೀರಿನ ತೊಟ್ಟಿಗಳ ನಡುವೆ ನಡೆದಾಡಬೇಕು, ಹಾಡುವವರು ಅವರೊಳಗೇ ಬೆರೆತು ನಿಂತಿರುತ್ತಾರೆ. ಮನುಷ್ಯರಿಗೆ ಪವಿತ್ರವಾದದ್ದು ಯಾವುದು ಅಂತ ಹುಡುಕುವ ಪ್ರಯೋಗ ಎಂದು, ಅಲ್ಲಿ ದುಡಿದವರನ್ನು ಹುಡುಕಿಕೊಂಡು ನಮ್ಮ ಮನೆಗೇ ಬಂದ ನಿರ್ದೇಶಕಿ ವಿವರಿಸಿದಳು. ಕೊನೆಯ ಭಾಗದಲ್ಲಿ ಅತ್ತೆ ಬಟ್ಟೆ ಮಡಿಸುವ ಹಳೆಯ ಮೇಜಿನ ಮುಂದೆ ನಿಂತು ಬೆಡ್‌ಶೀಟ್ ಮಡಿಸಬೇಕು. ಬಂದವರಲ್ಲೇ ಒಬ್ಬೊಬ್ಬರಾಗಿ ಎದುರು ತುದಿ ಹಿಡಿಯುತ್ತಾರೆ. ಸುತ್ತ ಪದಗಳಿಲ್ಲದ ಹಾಡು.

"ಇಬ್ಬರು ಹತ್ತಿರ ಬರ್ತಾರಲ್ಲ ಅಮ್ಮ, ಅದು ಪ್ರಾರ್ಥನೆ ಇದ್ದ ಹಾಗೆ. ಅಲ್ಲಿ ಮಾತು ಬೇಡ."

"ಪ್ರಾರ್ಥನೆ ಏನಿಲ್ಲಮ್ಮ," ಎಂದರು ಅತ್ತೆ. "ಉದ್ದಕ್ಕನ ಗಂಡನ್ನ ಬೈಕೊಳ್ತಿದ್ವಿ."

ಒಪ್ಪಿಕೊಂಡು ಹೋದದ್ದೇನೋ ಹೌದು. ಆದರೆ ತಾಲೀಮಿನಲ್ಲಿ ಎದುರಿಗೆ ಮುಖ ಬಂದರೆ ಸಾಕು, "ಊಟ ಆಯ್ತಾ?" ಎಂದು ಕೇಳಿಬಿಡುವರು. ಒಬ್ಬ ಹಾಡುಗಾರನನ್ನು "ಯಾಕೋ ಇಷ್ಟು ಸೊರಗಿದೀಯ?" ಎಂದು ಕೇಳಿ ಅವನ ಶ್ರುತಿ ಕೆಡಿಸಿದ್ದರು. ಪ್ರದರ್ಶನದ ಹಿಂದಿನ ದಿನ ನಿರ್ದೇಶಕಿ ಮೆಲ್ಲಗೆ ಹೇಳಿದಳು, "ನಾಳೆ ಒಂದು ಮಾತು ಬಂದ್ರೂ ನಾಡಿದ್ದಿನಿಂದ ನಮ್ಮ ತಂಡದ ಹುಡುಗಿ ಕೈಲಿ ಮಾಡಿಸ್ತೀನಿ. ಬೇಜಾರ್ ಮಾಡ್ಕೋಬೇಡಿ ಅಮ್ಮ."

ಮನೆಗೆ ಬಂದ ಅತ್ತೆ ಚಪ್ಪಲಿಯನ್ನೂ ಬಿಡದೆ ಕೂತರು. "ಆ ಮೇಜಿನ ಮುಂದೆ ನಿಂತ್ರೆ ಉದ್ದಕ್ಕ ಎದುರಿಗೇ ಇದ್ದ ಹಾಗಿರುತ್ತೆ ಕಣೆ. ನನ್ನ ಜಾಗದಲ್ಲಿ ಬೇರೆ ಯಾರೋ ನಿಂತರೆ ನನ್ ಕೈಲಿ ನೋಡಕ್ಕಾಗಲ್ಲ."

ಅವತ್ತು ಸಂಜೆ ಅತ್ತೆ ಬಾಯಿ ತುಂಬ ನೀರು ತುಂಬಿಕೊಂಡು ಅಭ್ಯಾಸ ಮಾಡಿದರು. ಎದುರು ತುದಿ ನನ್ನದು. ಮೊದಲೆರಡು ಬೆಡ್‌ಶೀಟ್ ಚೆನ್ನಾಗಿಯೇ ಆಯಿತು. ಮೂರನೆಯದಕ್ಕೆ ನೀರು ಗುಟುಕ್ ಎಂದು ನುಂಗಿ, "ಒಲೆ ಆರಿಸಿದ್ಯಾ?" ಎಂದರು. ನನಗೆ ಗಾಬರಿಯಾಯಿತು. ಅರ್ಧ ಅವರ ಬಗ್ಗೆ, ಅರ್ಧ ಒಲೆಯ ಬಗ್ಗೆ.

ಮರುದಿನ ಪ್ರದರ್ಶನಕ್ಕೆ ನನ್ನ ಪುಟ್ಟ ಮಗುವನ್ನು ಎದೆಗೆ ಕಟ್ಟಿಕೊಂಡೇ ಹೋದೆ. ಅವನನ್ನು ಯಾರ ಹತ್ತಿರವೂ ಬಿಟ್ಟು ಬರುವ ಧೈರ್ಯ ನನಗಿನ್ನೂ ಬಂದಿಲ್ಲ. ಹೊರಗೆ ಹೋಗುವ ಬಾಗಿಲು ಎಲ್ಲಿ, ಧೂಳು ಗುಡಿಸಿದ್ದಾರಾ, ಸದ್ದು ಜೋರಾಗಿರುತ್ತಾ ಎಂದೆಲ್ಲ ಕೇಳಿ ಬಾಗಿಲಲ್ಲಿ ನಿಂತಿದ್ದ ತಂಡದ ಹುಡುಗಿಗೆ ಸಾಕುಸಾಕು ಮಾಡಿದೆ. ಒಳಗೆ ಮಬ್ಬು ಬೆಳಕು. ಹಳೆಯ ಪೈಪುಗಳನ್ನು ಯಾರೋ ಬೆರಳಲ್ಲಿ ಬಡಿಯುತ್ತಿದ್ದರು. ನನ್ನ ಬೆನ್ನ ಹಿಂದೆಯೇ ಒಂದು ಹೆಣ್ಣುದನಿ ಎದ್ದಿತು, ಅದಕ್ಕೆ ತೊಟ್ಟಿಯ ಆಚೆಯಿಂದ ಇನ್ನೊಂದು ಸೇರಿಕೊಂಡಿತು. ಮಗು ಕಣ್ಣರಳಿಸಿ ಸುಮ್ಮನಿತ್ತು. ಇಷ್ಟು ಸುಮ್ಮನಿರುವ ಮಗುವಲ್ಲ ಇದು ಎಂದು ನನಗೆ ಅದೂ ಒಂದು ಚಿಂತೆಯಾಯಿತು.

ಅತ್ತೆ ಮೇಜಿನ ಮುಂದೆ ಬಂದರು. ಒಬ್ಬರು, ಇನ್ನೊಬ್ಬರು, ಮತ್ತೊಬ್ಬರು ತುದಿ ಹಿಡಿದರು. ಅತ್ತೆಯ ತುಟಿ ಹೊಲಿಗೆ ಹಾಕಿದಂತಿತ್ತು. ಇನ್ನು ಸ್ವಲ್ಪ ಹೊತ್ತು ಅತ್ತೆ, ಇನ್ನು ಸ್ವಲ್ಪ, ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಬಾಗಿಲ ಹುಡುಗಿ ನನ್ನ ಹೆಗಲು ಮುಟ್ಟಿದಳು. ನನ್ನ ಸರದಿ.

ಹೋಗುತ್ತ ಮಗುವಿನ ಕತ್ತು ಮುಟ್ಟಿ ನೋಡಿದೆ. ಸುಡುತ್ತಿತ್ತು. ಮೂಲೆ ಹಿಡಿದೆ, ಜಾಡಿಸಿದೆವು, ಹತ್ತಿರ ಬಂದೆವು. ಬಾಯಿ ನನ್ನ ಮಾತು ಕೇಳಲಿಲ್ಲ.

"ಅತ್ತೆ, ಮಗು ಮೈ ಬಿಸಿ ಇದೆ."

ಅತ್ತೆಯ ಕಣ್ಣು ಒಮ್ಮೆ ನಿರ್ದೇಶಕಿಯ ಕಡೆ ಹೋಗಿಬಂತು. ಎರಡೂ ಕೈಯಲ್ಲಿ ಬಟ್ಟೆ. ಬಗ್ಗಿ ಮಗುವಿನ ಹಣೆಗೆ ಕೆನ್ನೆ ಒತ್ತಿದರು. ಮತ್ತೆ ಹಿಂದೆ ಸರಿದು ಬೆಡ್‌ಶೀಟನ್ನು ಬಿಗಿಯಾಗಿ ಎಳೆದರು. ಎರಡನೆಯ ಸಲ ಹತ್ತಿರ ಬಂದಾಗ ಹೇಳಿದರು.

"ಜ್ವರ ಏನಿಲ್ಲ. ನಿನ್ನ ಕೈ ತಣ್ಣಗಾಗಿದೆ. ಬೆಳಿಗ್ಗೆಯಿಂದ ಏನಾದ್ರೂ ತಿಂದ್ಯಾ?"

ಆ ಕೋಣೆಯಲ್ಲಿ ಅತ್ತೆಗೆ ಗೊತ್ತಿದ್ದ ಪಿಸುಮಾತು ಯಂತ್ರಗಳ ಕಾಲದ್ದು. ಎಲ್ಲರಿಗೂ ಕೇಳಿಸಿತು. ಯಾರೋ ಮೆಲ್ಲಗೆ ನಕ್ಕರು. ನಾನು ಅತ್ತೆಯ ಬಾಳನ್ನೇ ಕೆಡಿಸಿಬಿಟ್ಟೆ ಎಂದು ತಲೆ ತಗ್ಗಿಸಿ ಬದಿಗೆ ಬಂದೆ.

ನನ್ನ ನಂತರ ಕೋಟು ಹಾಕಿದ್ದ ಹಿರಿಯರೊಬ್ಬರು ಹೋದರು. ಹತ್ತಿರ ಬಂದಾಗ ತಾವೇ ಅತ್ತೆಯ ಕಿವಿಗೆ ಬಗ್ಗಿ ಏನೋ ಹೇಳಿದರು. ನಮಗೆ ಕೇಳಲಿಲ್ಲ. ಅತ್ತೆ ಹಿಂದೆ ಸರಿದು, ಯೋಚಿಸಿ, ಮುಂದಿನ ಸಲ ಹತ್ತಿರ ಬಂದಾಗ ದನಿ ತಗ್ಗಿಸಿ ಉತ್ತರ ಕೊಟ್ಟರು. ಹಿರಿಯರು ತಲೆಯಾಡಿಸಿ ಕಣ್ಣೊರೆಸಿಕೊಂಡರು. ಹಿಂದೆಯೇ ಒಬ್ಬ ಹೆಂಗಸು. ಆಮೇಲೆ ಯಾರೂ ಹೆಗಲು ಮುಟ್ಟುವ ಅಗತ್ಯವಿರಲಿಲ್ಲ, ಜನರೇ ಸಾಲು ನಿಂತರು. ತಡೆಯಲೆಂದು ಕೈ ಎತ್ತಿದ್ದ ನಿರ್ದೇಶಕಿ ಅದೇ ಕೈಯಿಂದ ಹಾಡುವವರಿಗೆ ಸನ್ನೆ ಮಾಡಿದಳು. ದನಿಗಳು ಇಳಿದವು, ಪಿಸುಮಾತಿಗೆ ಜಾಗ ಬಿಟ್ಟವು.

ಎಲ್ಲ ಮುಗಿದ ಮೇಲೆ ಅವಳು ಅತ್ತೆಯ ಹತ್ತಿರ ಬಂದಳು. "ನಾಳೆ ಬನ್ನಿ ಅಮ್ಮ. ಅವರಾಗಿ ಮಾತಾಡಿದ್ರೆ ನೀವೂ ಮಾತಾಡಿ. ನೀವಾಗಿ ಶುರು ಮಾಡ್ಬೇಡಿ ಅಷ್ಟೆ."

"ನಾನೆಲ್ಲಿ ಶುರು ಮಾಡ್ದೆ?" ಎಂದರು ಅತ್ತೆ. "ನಮ್ಮ ಸೊಸೆ."

ಆ ಹಿರಿಯರು ಏನು ಹೇಳಿದರು ಎಂದು ದಾರಿಯುದ್ದಕ್ಕೂ ಕೇಳಿದೆ. ಮನೆಗೆ ಬಂದ ಮೇಲೆ ಅತ್ತೆ, ಒಬ್ಬರೇ ಮಡಿಸಬಹುದಾದ ಮಗುವಿನ ಪುಟ್ಟ ಹೊದಿಕೆಯ ಎರಡು ಮೂಲೆ ನನ್ನ ಕಡೆ ಚಾಚಿದರು. ನಾನು ಹತ್ತಿರ ಹೋದೆ.

"ಮೊದ್ಲು ಊಟ ಮಾಡು," ಎಂದರು.