ಆನೆಯನ್ನು ಡಿಕ್ಕಿಗೆ ಹಿಡಿಸಿದ ಮಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಾಲಿನ ಅಂಗಡಿಗಳೆಲ್ಲ ಷಟರ್ ಎಳೆದುಕೊಂಡು ಮಲಗಿವೆ. ಕೊನೆಯ ಶೆಡ್ಡಿನಲ್ಲಿ ಮಾತ್ರ ಬಲ್ಬು ಉರಿಯುತ್ತಿದೆ. ಅಲ್ಲಿ ನೆಲಕ್ಕೆ ಮಂಡಿಯೂರಿ ಕೂತ ಹೆಂಗಸೊಬ್ಬರು ಹಲಗೆಯ ಪೆಟ್ಟಿಗೆಯೊಂದರ ಅಂಚನ್ನು ಮರಳುಕಾಗದದಿಂದ ಉಜ್ಜುತ್ತಿದ್ದಾರೆ. ಕೈ ಕೆಲಸದ ಮೇಲಿದೆ, ಕಣ್ಣು ಮಾತ್ರ ಆಗಾಗ ರಸ್ತೆಯ ಕಡೆ ಹೋಗುತ್ತದೆ.

"ಇವತ್ತು ಅಪ್ಪ ಬರ್ತಾರೆ," ಎನ್ನುತ್ತಾ, ಅವರ ಕೆಲಸ ನೋಡಿ ಬರೆಯಲು ಬಂದ ನನ್ನ ಕಡೆ ಸ್ಟೂಲು ತಳ್ಳುತ್ತಾರೆ. "ನೀವೂ ಇಂಥ ದಿನಾನೇ ನೋಡ್ಕೊಂಡು ಬಂದಿದೀರಿ. ಕೂತ್ಕೊಳ್ಳಿ, ನನಗೆ ಬೀಳೋ ಬೈಗುಳ ಕೇಳಿಸ್ಕೊಂಡೇ ಹೋಗಿ."

ಟ್ಯಾಕ್ಸಿ ಡ್ರೈವರುಗಳ ಬಾಯಲ್ಲಿ ಇವರು ಗುಡುಗಕ್ಕ. ಮಾತಾಡಿದರೆ ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳಿಸದಷ್ಟು ಮೆತ್ತಗಿನ ದನಿಯವರಿಗೆ ಈ ಹೆಸರು ಅಂಟಿದ್ದು ಅವರ ಕೈಕೆಲಸದಿಂದ. ಮನೆಗಳಲ್ಲಿ ಮೂಲೆ ಸೇರಿದ, ಗುಜರಿಗೆ ಹೊರಟ ಹಳೇ ಸ್ಪೀಕರುಗಳನ್ನು ತಂದು ಬಿಚ್ಚುತ್ತಾರೆ. ದನಿ ಹೊರಡಿಸುವ ಕಾಗದದ ಕೋನು ಹರಿದಿದ್ದರೆ ತೇಪೆ ಹಾಕುತ್ತಾರೆ, ಸುತ್ತಿನ ರಬ್ಬರ್ ಬದಲಿಸುತ್ತಾರೆ. ಆಮೇಲೆ ಕಾರಿನ ಡಿಕ್ಕಿಗೆ ಹೊಂದುವ ಹೊಸ ಪೆಟ್ಟಿಗೆ ಕಟ್ಟಿ ಅದರೊಳಗೆ ಕೂರಿಸುತ್ತಾರೆ. ಎದೆಗೆ ಬಡಿಯುವ ಆ ತಗ್ಗು ದನಿಯ ಸಬ್‌ವೂಫರ್ ಸಿದ್ಧ. ಒಂದು ಪ್ಲಗ್ಗು, ಒಂದು ಬೆಲ್ಟು, ಒಂದು ಹಿಡಿಕೆ. ಲಗೇಜು ಹೆಚ್ಚಿದ್ದರೆ ಪ್ಲಗ್ಗು ಕಿತ್ತು, ಬೆಲ್ಟು ಬಿಚ್ಚಿ, ಪೆಟ್ಟಿಗೆಯನ್ನು ಮನೆಯಲ್ಲಿಟ್ಟು ಹೋಗಬಹುದು.

ಈ ಬುದ್ಧಿ ಬಂದದ್ದು ಕೆಟ್ಟ ಮೇಲೆ. ಮೊದಲ ಪೆಟ್ಟಿಗೆಯನ್ನು ಟ್ಯಾಕ್ಸಿ ಓಡಿಸುವ ಗಂಡನ ಕಾರಿಗೇ ಕೂರಿಸಿದ್ದರು. ಅಲುಗಾಡಬಾರದೆಂದು ಡಿಕ್ಕಿಯ ತಳಕ್ಕೆ ಬೋಲ್ಟು ಹೊಡೆದು ಭದ್ರ ಮಾಡಿದ್ದರು. ಆ ತಳದ ಕೆಳಗೇ ಸ್ಟೆಪ್ನಿ ಇದೆ ಎನ್ನುವುದು ಗಂಡನಿಗೂ ಹೊಳೆಯಲಿಲ್ಲ, ಹೆಂಡತಿಗೂ ಹೊಳೆಯಲಿಲ್ಲ.

"ನಡುರಸ್ತೇಲಿ ಪಂಕ್ಚರ್. ಟೈರು ಕಾರಲ್ಲೇ ಇದೆ, ಆದ್ರೆ ತೆಗೆಯೋ ಹಾಗಿಲ್ಲ. ಪ್ಯಾಸೆಂಜರ್ ಸಿಟ್ಟು ಮಾಡ್ಕೊಂಡು ಬಸ್ಸು ಹತ್ತಿ ಹೋದ್ರಂತೆ. ಇವರು ಫೋನ್ ಮಾಡಿ, 'ನಿನ್ನ ಪೆಟ್ಟಿಗೆ ಮೇಲೆ ಕೂತಿದೀನಿ, ಸ್ಪ್ಯಾನರ್ ತಗೊಂಡು ಬಾರೇ ಮಾರಾಯ್ತಿ' ಅಂದ್ರು. ಅವತ್ತೇ ಕಿವಿ ಹಿಂಡ್ಕೊಂಡೆ. ಇನ್ನು ಯಾರ ಗಾಡಿಗೂ ಒಂದು ತೂತು ಕೊರೆಯಲ್ಲ."

ವಿದ್ಯೆಯ ಬೇರು ಇರುವುದು ಅಪ್ಪನಲ್ಲಿ. ಸಮಾರಂಭಗಳಿಗೆ ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದವರು ಅವರು. ಈ ಶೆಡ್ಡೂ ಅವರದೇ. ಹಗುರವಾದ ಹೊಸ ಸ್ಪೀಕರುಗಳು ಬಂದ ಮೇಲೆ ಅವರ ಭಾರೀ ಪೆಟ್ಟಿಗೆಗಳನ್ನು ಕೇಳುವವರಿಲ್ಲವಾದರು. ಮಗಳು ಒಂದೊಂದನ್ನೇ ಬಿಚ್ಚಿ ಕಾರಿಗೆ ಹೊಂದಿಸಿದಾಗ ಅಪ್ಪ ಅಡ್ಡ ಬರಲಿಲ್ಲ, ಹತ್ತಿರ ನಿಂತು ನೋಡಲೂ ಇಲ್ಲ. ಎಲ್ಲಕ್ಕಿಂತ ದೊಡ್ಡದೊಂದಕ್ಕೆ ಮಾತ್ರ ಕೈ ಹಚ್ಚಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಅವರೇ ನಿಂತು ಕಟ್ಟಿದ, ಎತ್ತಲು ನಾಲ್ಕು ಆಳು ಬೇಕಿದ್ದ ಆ ಪೆಟ್ಟಿಗೆಗೆ ಅವರಿಟ್ಟ ಹೆಸರು ಆನೆ.

ಕಳೆದ ಬೇಸಿಗೆಯಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು. ಹಾಸಿಗೆ ಹಿಡಿದವರು ದಿನವೂ ಮಗಳನ್ನು ಕೇಳುತ್ತಿದ್ದದ್ದು ಒಂದೇ ಮಾತು, "ಆನೆ ಹೇಗಿದೆ?" ಮಗಳ ಉತ್ತರವೂ ಒಂದೇ, "ಇದೆ ಅಪ್ಪಾ."

ಆನೆ ಇತ್ತು ನಿಜ, ಆದರೆ ಒಳಗೆ ಗೆದ್ದಲು ಹತ್ತಿತ್ತು. ಬೆನ್ನಿನ ಹಲಗೆ ಮುಟ್ಟಿದರೆ ಪುಡಿ ಉದುರುತ್ತಿತ್ತು.

"ಬಿಟ್ರೆ ಪೂರ್ತಿ ಹೋಗುತ್ತೆ, ಬಿಚ್ಚಿದ್ರೆ ಅಪ್ಪನ ಮುಖ ಹೇಗೆ ನೋಡ್ಲಿ? ಯಜಮಾನರು, 'ಆನೆ ಇದ್ರೂ ಸಾವಿರ, ಸತ್ರೂ ಸಾವಿರ, ಕೈ ಹಾಕು' ಅಂದ್ರು. ಗಾದೆ ಹೇಳೋರಿಗೇನು, ಬೈಸ್ಕೊಳ್ಳೋಳು ನಾನು. ಅಪ್ಪ ಬೈದ್ರೂ ಪರವಾಗಿಲ್ಲ. ಏನೂ ಮಾತಾಡ್ದೆ ಮನೆಗೆ ವಾಪಸ್ ಹೋಗಿ ಗೋಡೆ ಕಡೆ ತಿರುಗಿ ಮಲಗಿಬಿಟ್ರೆ ಏನ್ ಮಾಡೋದು?"

ಆ ಆನೆಯೇ ಈಗ ಇವರ ಮುಂದಿರುವ, ಡಿಕ್ಕಿಗೆ ಹೊಂದುವಷ್ಟು ಚಿಕ್ಕದಾದ ಪೆಟ್ಟಿಗೆ. ಗೆದ್ದಲು ತಿನ್ನದೆ ಬಿಟ್ಟ ಹಲಗೆಗಳು, ಅದೇ ಕೋನು, ಅಪ್ಪನ ಹಿಡಿತಕ್ಕೆ ನುಣುಪಾದ ಅದೇ ಕಬ್ಬಿಣದ ಹಿಡಿಕೆ. ಹಾಡು ಹಾಕಿ, ತೆಳು ಕಾಗದದ ಚೂರೊಂದನ್ನು ಅಂಚಿನುದ್ದಕ್ಕೂ ಹಿಡಿದು ನೋಡುತ್ತಾರೆ. ಒಳಗಿನ ಗಾಳಿ ಎಲ್ಲಾದರೂ ಸೋರಿದರೆ ಕಾಗದ ನಡುಗುತ್ತದೆ, ದನಿಯೂ ಸೊರಗುತ್ತದೆ. ಕಾಗದ ಎಲ್ಲೂ ನಡುಗುವುದಿಲ್ಲ.

ಅಷ್ಟರಲ್ಲಿ ಟ್ಯಾಕ್ಸಿ ಬಂದು ನಿಲ್ಲುತ್ತದೆ. ಗಂಡ ಮೊದಲು ವಾಕರ್ ಇಳಿಸಿ, ಮಾವನನ್ನು ಮೆಲ್ಲಗೆ ಇಳಿಸಿಕೊಳ್ಳುತ್ತಾರೆ. ಮುದುಕರು ಶೆಡ್ಡಿನ ಹಿಂಗೋಡೆ ನೋಡುತ್ತಾರೆ. ಆನೆ ನಿಂತಿದ್ದ ಜಾಗದಲ್ಲಿ ಸಿಮೆಂಟು ನೆಲ ಬೇರೆಯೇ ಬಣ್ಣಕ್ಕಿದೆ.

"ಆನೆ ಎಲ್ಲಿ?"

ಗುಡುಗಕ್ಕ ಮರಳುಕಾಗದ ಕೆಳಗಿಡುತ್ತಾರೆ. ಪೆಟ್ಟಿಗೆಯ ಕಡೆ ಕೈ ತೋರಿಸುತ್ತಾರೆ. ಅಪ್ಪ ವಾಕರ್ ಸರಿಸುತ್ತಾ ಬಂದು ನಿಲ್ಲುತ್ತಾರೆ. ಹಿಡಿಕೆಯನ್ನು ನೋಡುತ್ತಾರೆ. ಅಳಿಯ ಕಾರಿನ ಕೀಲಿಕೈಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾ ನಿಂತಿದ್ದಾರೆ. ನನಗೂ ಯಾಕಾದರೂ ಈ ಹೊತ್ತಿಗೆ ಬಂದೆನೋ ಅನ್ನಿಸುತ್ತದೆ.

"ಗೆದ್ದಲು ಹಿಡಿದಿತ್ತು ಅಪ್ಪಾ," ಎನ್ನುತ್ತಾರೆ ಮಗಳು. "ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ."

"ಹಾಡು ಹಾಕು."

ಹಾಡು ಶುರುವಾಗುತ್ತದೆ. ಕಿಟಕಿಯ ಗಾಜು ಅದುರುತ್ತದೆ. ಅಪ್ಪ ಒಂದು ಕೈಯಲ್ಲಿ ವಾಕರ್ ಹಿಡಿದು, ಇನ್ನೊಂದು ಅಂಗೈಯನ್ನು ಪೆಟ್ಟಿಗೆಯ ಮೇಲೆ ನಿಧಾನವಾಗಿ ಆಡಿಸುತ್ತಾರೆ. ಹಿಡಿಕೆಯ ಹತ್ತಿರ ಅಂಗೈ ನಿಲ್ಲುತ್ತದೆ.

"ಇಲ್ಲಿ ಸೋರ್ತಿದೆ. ಈ ಬೋಲ್ಟಿನ ಕೆಳಗೆ ರಬ್ಬರ್ ಚೂರಿತ್ತು, ಎಲ್ಲಿ ಹಾಕ್ದೆ?"

"ಹಳೇ ರಬ್ಬರ್ ಅಂತ ಗುಡಿಸಿಬಿಟ್ಟೆ."

"ಗುಡಿಸಿಬಿಟ್ಯಾ? ನನ್ನ ಚಪ್ಪಲಿ ಅಟ್ಟೆ ಕತ್ತರಿಸಿ ಇಟ್ಟಿದ್ದೆ ಕಣೇ ಅದನ್ನ. ಆನೆ ಬಿಚ್ಚಿದೀಯ, ಹೋಗ್ಲಿ. ರಬ್ಬರ್ ಯಾಕೆ ಬಿಸಾಕ್ದೆ?"

ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎನ್ನುವುದು ಇದಕ್ಕೇ ಇರಬೇಕು. ಗುಡುಗಕ್ಕ ಕಸದ ಡಬ್ಬವನ್ನು ನೆಲದ ಮೇಲೆ ಸುರಿದು ಹುಡುಕುತ್ತಾರೆ. ಹುಡುಕುತ್ತಲೇ ನಗುತ್ತಾರೆ, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಮರದ ಪುಡಿಯ ನಡುವೆ ಕಪ್ಪು ರಬ್ಬರ್ ಚೂರು ಸಿಗುತ್ತದೆ. ಅಪ್ಪ ನನ್ನ ಸ್ಟೂಲಿನ ಮೇಲೆ ಕೂತು, ಬೋಲ್ಟು ಬಿಗಿ ಮಾಡುವವರೆಗೂ ಮಗಳನ್ನು ಬಿಡುವುದಿಲ್ಲ. ಮತ್ತೆ ಹಾಡು ಹಾಕಿದಾಗ ದನಿ ಒಂದು ತೂಕ ಹೆಚ್ಚಿದೆ ಎಂದು ನನ್ನ ಕಿವಿಗೂ ತಿಳಿಯುತ್ತದೆ.

"ಎತ್ತು ನೋಡೋಣ," ಎನ್ನುತ್ತಾರೆ ಅಪ್ಪ. ಮಗಳು ಒಂದೇ ಕೈಯಲ್ಲಿ ಪೆಟ್ಟಿಗೆ ಎತ್ತಿ ಡಿಕ್ಕಿಯೊಳಗೆ ಇಡುತ್ತಾರೆ. "ನಾಲ್ಕು ಜನ ಹೊರ್ತಿದ್ವಿ," ಎಂದು ಮುದುಕರು ಅಳಿಯನ ಮುಖ ನೋಡಿ ನಗುತ್ತಾರೆ. "ನಾಳೆ ಬರೋವಾಗ ನನ್ನ ಕನ್ನಡಕ ಮರೀಬೇಡಿ ಅಳಿಯಂದ್ರೇ. ಇವಳ ಬೋಲ್ಟುಗಳನ್ನೆಲ್ಲ ಒಂದ್ಸಲ ನೋಡ್ಬೇಕು."

ಅವರನ್ನು ಮನೆಗೆ ಕಳಿಸಿ ಗುಡುಗಕ್ಕ ಬಾಗಿಲಲ್ಲೇ ಕೂರುತ್ತಾರೆ. ಬೀದಿಯ ಅಂಗಡಿಗಳು ಒಂದೊಂದಾಗಿ ತೆರೆಯುತ್ತಿವೆ. ಮುಂದೆ ಏನಾಸೆ ಎಂದು ಕೇಳುತ್ತೇನೆ.

"ಅಪ್ಪ ದಿನಾ ಬಂದು ಬೈತಾ ಇರ್ಲಿ, ಅಷ್ಟು ಸಾಕು," ಎನ್ನುತ್ತಾರೆ. ಆಮೇಲೆ ಎಂದಿನ ಮೆತ್ತಗಿನ ದನಿಯಲ್ಲಿ, "ಇಷ್ಟು ದಿನ ಆನೆ ಹೇಗಿದೆ ಅಂತ ಕೇಳ್ತಿದ್ರು. ಈಗ ಕಾರು ಹತ್ತೋವಾಗ ಏನಂದ್ರು ಗೊತ್ತಾ? ಮುಂದಿನ ಪೆಟ್ಟಿಗೆ ಯಾರದ್ದು ಅಂದ್ರು."