ಕೆಳಮನೆ ಅಜ್ಜಿಯ ಇಂಗ್ಲಿಷು ಮತ್ತು ನನ್ನ ಸೇಡು

ನಾನು ಚಿಕ್ಕವನಿದ್ದಾಗ ನನಗೊಬ್ಬಳು ಶತ್ರು ಇದ್ದಳು. ಅವಳ ಕೈಯಲ್ಲಿ ಕೋಲು ಗೀಲು ಏನೂ ಇರಲಿಲ್ಲ, ಒಂದು ಪುಟ್ಟ ಕನ್ನಡಿ ಇತ್ತು. ನಮ್ಮ ಸ್ಕೂಲಿನಲ್ಲಿ ಮಕ್ಕಳ ಉಚ್ಚಾರ ತಿದ್ದುವ ಟೀಚರು ಅವಳು. ಹತ್ತಿರ ಬಂದರೆ ಪೆಪ್ಪರ್‌ಮಿಂಟಿನ ವಾಸನೆ. ಕನ್ನಡಿಯನ್ನು ನನ್ನ ಮುಖಕ್ಕೆ ಹಿಡಿದು, ‘ನಾಲಿಗೆಯನ್ನು ಹಲ್ಲಿನ ನಡುವೆ ಇಡು, ಈಗ ಹೇಳು’ ಎನ್ನುತ್ತಿದ್ದಳು. ನಾನು ಹೇಳಿದಾಗ ಕನ್ನಡಿಗೆಲ್ಲ ಎಂಜಲು ಸಿಡಿಯುತ್ತಿತ್ತು. ಒರೆಸಿ ಮತ್ತೆ ಹಿಡಿಯುತ್ತಿದ್ದಳು. ಅವಳ ಮೇಲೆ ನಾನು ಹೇಗೆ ಸೇಡು ತೀರಿಸಿಕೊಂಡೆ ಅನ್ನುವುದನ್ನು ಇವತ್ತು ಹೇಳುತ್ತೇನೆ, ಮಕ್ಕಳೇ. ಕ್ಷಮೆ ಗಿಮೆಯ ಕತೆ ಬೇಕಾದವರು ಎದ್ದು ನಿಮ್ಮ ಅಜ್ಜಿಯ ಹತ್ತಿರ ಹೋಗಬಹುದು.

ಅದು ಎಂಬತ್ತರ ದಶಕ. ಮಂಡ್ಯದಿಂದ ಬಂದ ಅಪ್ಪ, ಅಮ್ಮ, ಅಕ್ಕ, ನಾನು, ನಾಲ್ಕೂ ಜನ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಎಂಬ ಬಡಾವಣೆಯಲ್ಲಿ ಒಂದು ಹಳೆಯ ಮರದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಅಪ್ಪ ಆಫೀಸಿಗೆ, ಅಮ್ಮ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ನಮ್ಮನ್ನು ನೋಡಿಕೊಳ್ಳುತ್ತಿದ್ದವಳು ಮನೆಯ ಒಡತಿ. ಬೆಳ್ಳಿ ಕೂದಲಿನ ಬಿಳಿ ಮುದುಕಿ. ಹಣ್ಣನ್ನು ಡಬ್ಬಿಗೆ ತುಂಬುವ ಫ್ಯಾಕ್ಟರಿಯಲ್ಲಿ ದುಡಿದು ಅವಳ ಬೆರಳೆಲ್ಲ ಗಂಟುಗಂಟಾಗಿದ್ದವು. ಗಂಡ ಬಂದರಿನಲ್ಲಿ ಮೂಟೆ ಇಳಿಸುತ್ತಿದ್ದವನು, ತೀರಿಕೊಂಡಿದ್ದ. ನಾವು ಅವಳನ್ನು ಕೆಳಮನೆ ಅಜ್ಜಿ ಎನ್ನುತ್ತಿದ್ದೆವು. ಅವಳ ಅಡುಗೆಮನೆಯಲ್ಲಿ ಯಾವಾಗಲೂ ಬೇಯಿಸಿದ ಕೋಸಿನ ವಾಸನೆ. ಕಿಟಕಿಯ ಹೊರಗೆ ಬಿಳಿ ಮಂಜು. ಒಣದ್ರಾಕ್ಷಿ ಹಾಕಿದ ಬಿಸಿ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟು ಅವಳು ಮಾತಿಗೆ ಕೂರುತ್ತಿದ್ದಳು. ನಾನು ಇಂಗ್ಲಿಷ್ ಕಲಿತದ್ದು ಆ ಮೇಜಿನಲ್ಲಿ.

ಆ ಬೀದಿಯ ಇಂಗ್ಲಿಷು ಟೀವಿಯವರ ಇಂಗ್ಲಿಷಿನಂತೆ ಇರಲಿಲ್ಲ. ಪದದ ಕೊನೆಯ ‘ರ’ವನ್ನು ಅವರು ನುಂಗಿಬಿಡುತ್ತಿದ್ದರು. ಕಾರು ಅವರಿಗೆ ‘ಕಾ’, ಟೀಚರು ‘ಟೀಚಾ’. ‘ದಿಸ್’ ಎನ್ನುವ ಕಡೆ ‘ಡಿಸ್’, ‘ದಟ್’ ಎನ್ನುವ ಕಡೆ ‘ಡ್ಯಾಟ್’. ಈ ಮಾತು ಎಲ್ಲಿಂದ ಬಂತು ಎಂದು ಅಕ್ಕ ಒಂದು ದಿನ ಕೇಳಿದಳು. ಅಜ್ಜಿ ಹೇಳಿದ್ದು ಇಷ್ಟು. ಅವಳ ಅಪ್ಪನ ಹಾಗೆ ಐರ್ಲೆಂಡಿನಿಂದ ಹಡಗು ಹತ್ತಿ ಬಂದ ಕೂಲಿಗಳು, ಇಟಲಿಯ ಬೇಕರಿಯವರು, ಜರ್ಮನಿಯ ಬಡಗಿಗಳು, ನ್ಯೂಯಾರ್ಕ್ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರು, ಎಲ್ಲರೂ ಅಲ್ಲೇ ಅಕ್ಕಪಕ್ಕದಲ್ಲಿ ನೆಲೆಸಿದರು. ಅವರ ಮಕ್ಕಳು ಬೀದಿಯಲ್ಲಿ ಆಡುತ್ತ ಜಗಳವಾಡುತ್ತ ಎಲ್ಲರ ಮಾತನ್ನೂ ಬೆರೆಸಿಬಿಟ್ಟರು, ಅಮ್ಮ ಉಳಿದ ತರಕಾರಿಯನ್ನೆಲ್ಲ ಹಾಕಿ ಹುಳಿ ಮಾಡಿದ ಹಾಗೆ. ಗುಡ್ಡದ ಮೇಲಿನ ಸಾಹುಕಾರರು ಆ ಮಾತು ಕೇಳಿದರೆ ಮೂಗು ಮುರಿಯುತ್ತಿದ್ದರಂತೆ.

ಆ ಬೀದಿಯವರದು ಇನ್ನೊಂದು ಪದ್ಧತಿ ಇತ್ತು. ಹೊಸಬರು ಸಿಕ್ಕರೆ ‘ಯಾವ ಚರ್ಚಿನ ಕಡೆಯವರು?’ ಎಂದು ಕೇಳುವುದು. ಚರ್ಚಿನ ಹೆಸರು ಹೇಳಿದರೆ ಸಾಕು, ಯಾವ ಬೀದಿ, ಯಾರ ಪೈಕಿ ಎಂಬುದೆಲ್ಲ ಅವರಿಗೆ ತಿಳಿಯುತ್ತಿತ್ತು. ಅಜ್ಜಿ ಅಪ್ಪನನ್ನೂ ಹಾಗೇ ಕೇಳಿದ್ದಳು. ಅಪ್ಪ ಗಾಬರಿಯಲ್ಲಿ ‘ಮಂಡ್ಯ’ ಎಂದಿದ್ದ. ಅದೂ ಒಂದು ಚರ್ಚು ಇರಬೇಕೆಂದು ಅಜ್ಜಿ ತಲೆಯಾಡಿಸಿದ್ದಳಂತೆ.

ಆಮೇಲೆ ಅಪ್ಪನಿಗೆ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿತು. ದಕ್ಷಿಣಕ್ಕಿರುವ ಕ್ಯಾಂಪ್‌ಬೆಲ್ ಎಂಬ ಊರಿನ ಅಪಾರ್ಟ್‌ಮೆಂಟಿಗೆ ಬಂದೆವು. ಅಲ್ಲಿ ಮಂಜೂ ಇಲ್ಲ, ಕೋಸಿನ ವಾಸನೆಯೂ ಇಲ್ಲ. ಹೊಸ ಸ್ಕೂಲಿನಲ್ಲಿ ನಾನು ಬಾಯಿ ತೆರೆದರೆ ಹುಡುಗರು ಕಿಸಕ್ಕೆಂದು ನಗುತ್ತಿದ್ದರು. ನನ್ನನ್ನು ಪಾಠದ ಮಧ್ಯದಲ್ಲೇ ಎಬ್ಬಿಸಿ ಕನ್ನಡಿ ಟೀಚರಿನ ಕೋಣೆಗೆ ಕಳಿಸತೊಡಗಿದರು. ಅವಳು ನನ್ನ ಮುಖ ನೋಡಿದಳೇ ಹೊರತು ಮಾತು ಸರಿಯಾಗಿ ಕೇಳಲಿಲ್ಲ. ಅಪ್ಪ ಅಮ್ಮನನ್ನು ಕರೆಸಿ, ಮನೆಯಲ್ಲಿ ಆಡುವ ಭಾಷೆಯಿಂದಲೇ ಇವನ ನಾಲಿಗೆ ಕೆಟ್ಟಿದೆ, ಇನ್ನು ಮೇಲೆ ಇಂಗ್ಲಿಷ್ ಬಿಟ್ಟು ಬೇರೇನೂ ಆಡಬೇಡಿ ಎಂದಳು.

ಅಪ್ಪ ಒಪ್ಪಿಕೊಂಡುಬಿಟ್ಟ. ಮಂಡ್ಯದವರ ಬಾಯಲ್ಲಿ ಹಾಲು ‘ಆಲು’ ಆಗುತ್ತದೆ. ಬೆಂಗಳೂರಿನ ಕಾಲೇಜಿನಲ್ಲಿ ಅದಕ್ಕಾಗಿ ಅವನನ್ನು ಗೇಲಿ ಮಾಡಿ ಅಳಿಸಿದ್ದರಂತೆ. ಅವನು ಕಷ್ಟಪಟ್ಟು ನಾಲಿಗೆ ತಿದ್ದಿಕೊಂಡಿದ್ದ. ಮಗನಿಗೂ ಅದೇ ಗತಿ ಬರಬಾರದು ಎಂಬ ಭಯ ಅವನಿಗೆ. ಅಂದಿನಿಂದ ಮನೆಯಲ್ಲಿ ಕನ್ನಡ ಬಂದ್ ಆಯಿತು.

ಅಮ್ಮನಿಗೆ ಬರುತ್ತಿದ್ದದ್ದು ಅಂಗಡಿಗೆ ಸಾಲುವಷ್ಟು ಇಂಗ್ಲಿಷು. ಅದುವರೆಗೂ ಸಂಜೆಯಾದರೆ ಅವಳು ದೊಡ್ಡ ಬೋಗುಣಿಯಲ್ಲಿ ಮೊಸರನ್ನ ಕಲಸಿ, ಅಕ್ಕನಿಗೂ ನನಗೂ ಕೈತುತ್ತು ಹಾಕುತ್ತ, ಊರಿನ ಎಮ್ಮೆಯ ಕತೆ, ಕಬ್ಬಿನ ಗಾಡಿಯ ಕತೆ ಹೇಳುತ್ತಿದ್ದಳು. ಇಂಗ್ಲಿಷಿನಲ್ಲಿ ಕೈತುತ್ತು ಹಾಕುವುದು ಹೇಗೆ? ತಟ್ಟೆಗೆ ಬಡಿಸಿ, ‘ಈಟ್’ ಎಂದು, ಗೋಡೆ ನೋಡುತ್ತ ಕೂರುತ್ತಿದ್ದಳು. ಮನೆಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನ್ನನ್ನು ನೋಡಿ ನಕ್ಕ ಹುಡುಗರನ್ನು ಬೇಕಾದರೆ ಬಿಡುತ್ತಿದ್ದೆ. ನಮ್ಮಮ್ಮನ ಬಾಯಿಗೆ ಬೀಗ ಹಾಕಿದವಳನ್ನು ಬಿಡುವ ಪ್ರಶ್ನೆಯೇ ಇರಲಿಲ್ಲ.

ದಾರಿ ಹುಡುಕಿದ್ದು ಅಕ್ಕ. ‘ಅಮ್ಮ ಕಾರು ಅನ್ನೋವಾಗ ಆ ರು ಹೆಂಗೆ ಉರುಳುತ್ತೆ ಕೇಳಿದ್ಯೇನೋ? ನೀನು ಕಾ ಅಂತೀಯ. ಅದು ಅಮ್ಮಂದಲ್ಲ ಕಣೋ, ಕೆಳಮನೆ ಅಜ್ಜೀದು!’ ಎಂದಳು. ಅಪ್ಪನಿಗೆ ಹೇಳಿದರೆ, ಟೀಚರಿಗಿಂತ ನಿಮಗೆ ಜಾಸ್ತಿ ಗೊತ್ತಾ ಎಂದು ಗದರಿದ. ಆ ವಾರವೇ ಸ್ಕೂಲಿನಲ್ಲಿ ಅಜ್ಜ ಅಜ್ಜಿಯರ ದಿನ ಎಂದು ಸುದ್ದಿ ಬಂತು. ಅವರವರ ಅಜ್ಜ ಅಜ್ಜಿಯನ್ನು ಕರೆತಂದು ಕ್ಲಾಸುಗಳನ್ನೆಲ್ಲ ತೋರಿಸುವ ದಿನ. ನಮ್ಮ ಅಜ್ಜಿಯರಿದ್ದದ್ದು ಮಂಡ್ಯದಲ್ಲಿ. ಅಕ್ಕ ಫೋನು ಎತ್ತಿ ಕೆಳಮನೆಗೆ ತಿರುಗಿಸಿ ಅಜ್ಜಿಗೆ ಎಲ್ಲವನ್ನೂ ಹೇಳಿದಳು.

ಆ ದಿನ ಅಜ್ಜಿ ನೀಲಿ ಕೋಟು, ಚರ್ಚಿನ ಹ್ಯಾಟು ಹಾಕಿಕೊಂಡು ರೈಲಿನಲ್ಲಿ ಬಂದಳು. ಸ್ಕೂಲಿನ ಬಾಗಿಲಲ್ಲಿ ಅವಳನ್ನು ಕಂಡು ಅಪ್ಪ ಕಕ್ಕಾಬಿಕ್ಕಿಯಾದ. ಅಮ್ಮ ಮಾತ್ರ ಓಡಿ ಹೋಗಿ ಅವಳ ಕೈ ಹಿಡಿದುಕೊಂಡಳು. ಕಾರಿಡಾರಿನ ತುಂಬ ಮುದುಕರು, ಕಾಫಿ, ಹೂವಿನ ವಾಸನೆ. ನಾನು ಅಜ್ಜಿಯನ್ನು ನೇರವಾಗಿ ಕನ್ನಡಿಯ ಕೋಣೆಗೆ ಕರೆದುಕೊಂಡು ಹೋದೆ. ಅಪ್ಪ, ಅಮ್ಮ, ಅಕ್ಕ ಹಿಂದೆಯೇ ಬಂದರು. ಟೀಚರು ನಗುತ್ತ ಎದ್ದು ನಿಂತಳು.

‘ಡಿಸ್ ಡ ಟೀಚಾ?’ ಎಂದಳು ಅಜ್ಜಿ.

ಟೀಚರಿನ ನಗು ಅಲ್ಲೇ ನಿಂತಿತು. ಅವಳು ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅಜ್ಜಿಯನ್ನು ನೋಡಿದಳು. ಈ ಹುಡುಗನ ಪ್ರತಿಯೊಂದು ಇಂಗ್ಲಿಷ್ ಪದವನ್ನೂ ಕಲಿಸಿದವಳು ನಾನು, ಅದು ಕೆಟ್ಟಿದ್ದರೆ ನನ್ನ ಬಾಯಿ ಮುಚ್ಚಿಸು, ಅವನ ತಾಯಿ ನಿನಗೇನು ಮಾಡಿದ್ದಳು ಎಂದು ಅಜ್ಜಿ ದಬಾಯಿಸತೊಡಗಿದಳು. ಬಂದರಿನವನ ಹೆಂಡತಿಯ ಗಂಟಲು ಅದು, ಕಾರಿಡಾರಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದರು. ಟೀಚರಿನ ಕುತ್ತಿಗೆ ಕೆಂಪಾಯಿತು, ಕಿವಿ ಕೆಂಪಾಯಿತು. ‘ನಾಟ್ ಹಿಯಾ!’ ಎಂದು ಅವಳು ಕಿರುಚಿದಳು. ‘ಔಟ್ ಡೇಯಾ!’

‘ಹಿಯರ್’ ಎನ್ನುವ ಕಡೆ ‘ಹಿಯಾ’, ‘ದೇರ್’ ಎನ್ನುವ ಕಡೆ ‘ಡೇಯಾ’. ‘ರ’ ನುಂಗಿಹೋಗಿತ್ತು. ‘ದ’ ಇರಬೇಕಾದಲ್ಲಿ ‘ಡ’ ಬಂದಿತ್ತು. ಅಚ್ಚು ಹಾಕಿದಂತೆ ನಮ್ಮ ಬೀದಿಯ ಮಾತು. ಟೀಚರು ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಅಜ್ಜಿಯ ಸಿಟ್ಟು ಇಳಿದುಹೋಯಿತು. ಮೆಲ್ಲಗೆ, ‘ಯಾವ ಚರ್ಚಿನ ಕಡೆಯವಳಮ್ಮ ನೀನು?’ ಎಂದು ಕೇಳಿದಳು. ಟೀಚರು ನೆಲ ನೋಡುತ್ತ ಒಂದು ಹೆಸರು ಹೇಳಿದಳು. ಅದು ಕೆಳಮನೆ ಅಜ್ಜಿ ಪ್ರತಿ ಭಾನುವಾರ ಹೋಗುತ್ತಿದ್ದ ಚರ್ಚು.

ಅಜ್ಜಿಗೆ ಅವಳ ಮೇಲೆ ಕನಿಕರ ಬಂತು. ನನಗೆ ಬರಲಿಲ್ಲ. ತನ್ನ ಬೀದಿಯ ಮಾತೇ ನನ್ನ ಬಾಯಲ್ಲಿದ್ದರೂ, ಅದರ ತಪ್ಪನ್ನು ನಮ್ಮಮ್ಮನ ತಲೆಗೆ ಕಟ್ಟಿದವಳು ಅವಳು. ಮೇಜಿನ ಮೇಲಿದ್ದ ಕನ್ನಡಿಯನ್ನು ಎತ್ತಿಕೊಂಡೆ. ಅವಳ ಮುಖಕ್ಕೆ ಹಿಡಿದೆ. ‘ನಾಲಿಗೆಯನ್ನು ಹಲ್ಲಿನ ನಡುವೆ ಇಡಿ. ಈಗ ಹೇಳಿ’ ಎಂದೆ. ಅವಳು ಇಂಗು ತಿಂದ ಮಂಗನಂತಾದಳು. ಮಕ್ಕಳೇ, ಆಮೇಲೆ ಎಷ್ಟೋ ಒಳ್ಳೆಯ ತಿಂಡಿ ತಿಂದಿದ್ದೇನೆ, ಆ ಗಳಿಗೆಯಷ್ಟು ರುಚಿ ಯಾವುದಕ್ಕೂ ಇರಲಿಲ್ಲ.

ಅಮ್ಮ ನನ್ನ ಕೈಯಿಂದ ಕನ್ನಡಿ ಕಿತ್ತು ಮೇಜಿನ ಮೇಲಿಟ್ಟಳು. ‘ಸಾಕು ಬಾರ್ಲಾ ಮಗ, ಮನೆಗ್ ಓಗವ’ ಎಂದಳು. ಎಲ್ಲರ ಎದುರಿಗೇ, ಗಟ್ಟಿಯಾಗಿ. ಎಷ್ಟು ದಿನದ ಮೇಲೆ ಕೇಳಿದ ದನಿ ಅದು! ಕಾರು ಹತ್ತಿದ ಮೇಲೆ ಅಪ್ಪ, ‘ಆ ಯಮ್ಮ ನನಗಿಂತ ಎದ್ರುಕೊಂಡವ್ಳೆ ಕಣೆ’ ಎಂದು ಅಮ್ಮನಿಗೆ ಹೇಳಿದ. ಅಪ್ಪನ ಬಾಯಲ್ಲಿ ‘ಹ’ ಬಿದ್ದುಹೋದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಸಂಜೆ ಬೋಗುಣಿ ಮತ್ತೆ ಕೆಳಗಿಳಿಯಿತು. ಅಮ್ಮನ ಸುತ್ತ ನಾನು, ಅಕ್ಕ, ಕೆಳಮನೆ ಅಜ್ಜಿ ಕೂತು ಕೈ ಒಡ್ಡಿದೆವು. ಅಜ್ಜಿಯೂ ಕೈತುತ್ತು ತಿಂದಳು, ಒಗ್ಗರಣೆಯ ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡಳು. ಆ ಟೀಚರು ನನ್ನನ್ನು ಮತ್ತೆ ಆ ಕೋಣೆಗೆ ಕರೆಯಲಿಲ್ಲ.

ಈಗ ನೀವು ಕೂತಿರುವ ಈ ಮನೆ ಆ ಸ್ಕೂಲಿನಿಂದ ದೂರವೇನಿಲ್ಲ. ನಿಮ್ಮ ಕ್ಲಾಸಿನಲ್ಲಿ ಅರ್ಧ ಮಕ್ಕಳ ಹೆಸರು ನಿಮ್ಮಂಥದ್ದೇ. ನಿಮ್ಮ ಉಚ್ಚಾರಕ್ಕೆ ಯಾರೂ ನಗುವುದಿಲ್ಲ, ನಿಮ್ಮೆಲ್ಲರ ಇಂಗ್ಲಿಷು ಫೋನಿನೊಳಗಿನ ಹೆಂಗಸಿನ ಇಂಗ್ಲಿಷಿನ ಹಾಗೆ ನುಣ್ಣಗಿದೆ. ಕೆಳಮನೆ ಅಜ್ಜಿಯ ಬೀದಿಯಲ್ಲೂ ಈಗ ಆ ಮಾತು ಕೇಳಿಸುವುದಿಲ್ಲ. ಟೀಚರುಗಳು ಕೂಡ ಮನೆಯಲ್ಲಿ ನಿಮ್ಮ ಭಾಷೆ ಆಡಿ, ಒಳ್ಳೆಯದು ಎಂದು ಹೇಳಿ ಕಳಿಸುತ್ತಾರೆ. ಆದರೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ನೀವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೀರಿ. ನಿಮ್ಮ ಬಾಯಿಗೆ ಯಾರೂ ಬೀಗ ಹಾಕಲಿಲ್ಲ. ಕನ್ನಡಿ ಹಿಡಿದವರೂ ಇಲ್ಲ. ಈಗ ನಾನು ಯಾರ ಮೇಲೆ ಸೇಡು ತೀರಿಸಿಕೊಳ್ಳಲಿ?

ನಿಮ್ಮ ಮೇಲೆಯೇ. ಇಗೋ, ಬೋಗುಣಿ ನನ್ನ ಮುಂದಿದೆ, ಮೊಸರನ್ನ ಕಲಸಿದ್ದೇನೆ. ಹಸಿವಾದವರು ಕೈ ಒಡ್ಡಿ, ಬಾಯಿ ಬಿಟ್ಟು ಕನ್ನಡದಲ್ಲಿ ಕೇಳಿ. ‘ಹಾಲು’ ಅನ್ನಿ, ‘ಆಲು’ ಅನ್ನಿ, ನಾನು ತಿದ್ದುವುದಿಲ್ಲ. ಕೇಳಿದವರಿಗೆ ಮಾತ್ರ ತುತ್ತು.